ಲೋಟದ ತಳದ ಕೆಮ್ಮು

ನಮ್ಮ ಪ್ರಯೋಗಾಲಯದಲ್ಲಿ ಒಂದು ಗಂಟಲಿದೆ. ಕಂಪ್ಯೂಟರಿನೊಳಗೆ ಮಾತ್ರ ಇರುವ ಗಂಟಲು. ಯಾರೋ ಪುಣ್ಯಾತ್ಮರು ಕೊಟ್ಟ ಸ್ಕ್ಯಾನ್ ಚಿತ್ರಗಳಿಂದ, ನಾಲಿಗೆಯ ಬುಡದಿಂದ ಹಿಡಿದು ಅನ್ನನಾಳದ ಬಾಯಿಯವರೆಗೆ ಕಟ್ಟಿದ್ದು. ಅದರ ಸ್ನಾಯುಗಳು ಎಷ್ಟು ಬಿಗಿ, ಗೋಡೆ ಎಷ್ಟು ಮೆತ್ತಗೆ, ಯಾವುದು ಯಾವಾಗ ಮುದುಡಬೇಕು ಎಂಬುದನ್ನೆಲ್ಲ ಸಮೀಕರಣಗಳಲ್ಲಿ ಬರೆದಿದ್ದೇವೆ. ಅದಕ್ಕೆ ಬಗೆಬಗೆಯ ದ್ರವಗಳನ್ನು ಕುಡಿಸುವುದು, ಎಲ್ಲಿ ದಾರಿ ತಪ್ಪುತ್ತದೆ ಎಂದು ನೋಡುವುದು ನನ್ನ ಕೆಲಸ. ಗಂಟಲನ್ನು ಸಣ್ಣ ಸಣ್ಣ ತ್ರಿಕೋನಗಳಾಗಿ ಸೀಳಿ ಬಲೆ ಹೆಣೆಯುವುದು ಪಕ್ಕದ ಮೇಜಿನವನ ಕೆಲಸ. ಅವನನ್ನು ಎಲ್ಲರೂ ಬಲೆಗಾರ ಎಂದೇ ಕರೆಯುತ್ತಾರೆ. ಬಲೆಯ ಒಂದು ಕಣ್ಣು ಸೊಟ್ಟಗಾದರೂ ಇಡೀ ಲೆಕ್ಕ ಕುಸಿದುಬೀಳುತ್ತದೆ, ಹಾಗಾಗಿ ಅವನು ಸ್ವಲ್ಪ ಸಿಡುಕ. ನಾನು ಸ್ವಲ್ಪ ಪುಕ್ಕಲಿ. ಒಂದೇ ಕೋಣೆಯಲ್ಲಿ ಕೂರುವುದಕ್ಕೆ ಇದು ಕೆಟ್ಟ ಜೋಡಿಯೇನಲ್ಲ.

ಅತ್ತೆಗೆ ಸ್ಟ್ರೋಕ್ ಆದದ್ದು ನಾನು ಈ ಕೆಲಸದಲ್ಲಿ ಹಳಬಳಾದ ಮೇಲೆ. ಅತ್ತೆಯ ಸಲುವಾಗಿ ಸೊಸೆ ಗಂಟಲನ್ನೇ ಕಟ್ಟಿದಳು ಎಂದು ನೆಂಟರಲ್ಲಿ ಒಂದು ಕಥೆ ಓಡಾಡುತ್ತಿದೆ, ಅದು ಸುಳ್ಳು. ಅವರಿಗೆ ಕೈಕಾಲು ಬೇಗ ಸರಿಹೋದವು, ಮಾತು ಅದಕ್ಕಿಂತ ಬೇಗ. ನುಂಗುವುದೊಂದು ಹಿಂದೆ ಉಳಿಯಿತು. ಅದರಲ್ಲೂ ಗಟ್ಟಿ ತುತ್ತು ಹೇಗೋ ಇಳಿಯುತ್ತಿತ್ತು, ನೀರೇ ಕಷ್ಟ. ನೋಡಲು ಬಂದವರಿಗೆ ಇದು ತಲೆಕೆಳಗು ಎನಿಸುತ್ತಿತ್ತು. ಬಸ್ ಕಂಡಕ್ಟರ್ ಆಗಿ ನಿವೃತ್ತರಾದ ಅತ್ತೆ ಅವರಿಗೆ ತಮ್ಮದೇ ರೀತಿಯಲ್ಲಿ ಬಿಡಿಸಿ ಹೇಳುತ್ತಿದ್ದರು.

"ನೀರು ಅಂದ್ರೆ ಬಸ್ಸು ನಿಲ್ಲೋಕೆ ಮುಂಚೆ ನೆಗೆದು ಹತ್ತೋ ಕಾಲೇಜು ಹುಡುಗರಿದ್ದ ಹಾಗೆ. ನಾನು ಬಾಗಿಲು ಎಳೆಯೋ ಹೊತ್ತಿಗೆ ಅವರು ಒಳಗೆ, ಅದೂ ತಪ್ಪು ಬಸ್ಸಲ್ಲಿ. ಗಟ್ಟಿ ತುತ್ತು ಹಾಗಲ್ಲ, ಮಂಡಿ ನೋವಿನ ಮುದುಕಪ್ಪ. ನಿಧಾನಕ್ಕೆ ಬರ್ತಾನೆ, ಬಾಗಿಲು ಎಳೆಯೋದಕ್ಕೆ ಟೈಮ್ ಸಿಗುತ್ತೆ."

ನಾನು ಇಷ್ಟು ವರ್ಷ ಬರೆದ ಯಾವ ಪ್ರಬಂಧದಲ್ಲೂ ಇದನ್ನು ಇಷ್ಟು ಚೆನ್ನಾಗಿ ಹೇಳಿಲ್ಲ. ತಪ್ಪು ಬಸ್ಸು ಎಂದರೆ ಶ್ವಾಸನಾಳ. ಅಲ್ಲಿಗಿಳಿದ ನೀರು ಕೆಮ್ಮು ತರಿಸುತ್ತದೆ; ಮತ್ತೆ ಮತ್ತೆ ಇಳಿದರೆ ಶ್ವಾಸಕೋಶಕ್ಕೆ ಸೋಂಕು. ಆದ್ದರಿಂದ ಕುಡಿಯುವುದನ್ನೆಲ್ಲ ಒಂದು ಪುಡಿ ಬೆರೆಸಿ ಮಂದ ಮಾಡಬೇಕು. ನುಂಗುವುದನ್ನು ಮತ್ತೆ ಕಲಿಸುವ ತಜ್ಞೆಯೊಬ್ಬರು ಆಸ್ಪತ್ರೆಯಲ್ಲಿದ್ದರು. ಅತ್ತೆ ಅವರಿಗೆ ನುಂಗು ಟೀಚರ್ ಎಂದು ಹೆಸರಿಟ್ಟಿದ್ದರು, ಎದುರಿಗೂ ಹಾಗೇ ಕರೆಯುತ್ತಿದ್ದರು. ಟೀಚರ್ ಮೊದಲ ದಿನವೇ ಎರಡು ಬಗೆಯ ಪುಡಿಯ ರುಚಿ ತೋರಿಸಿದ್ದರು. ಒಂದು ಪಿಷ್ಟದ್ದು, ಇನ್ನೊಂದು ಅಂಟಿನದ್ದು. ಅಂಟಿನದ್ದನ್ನು ಬಾಯಿಗಿಟ್ಟ ಅತ್ತೆ, ನಾಲಿಗೆ ಮೇಲೆ ಬಸವನಹುಳು ನಡೆದ ಹಾಗಾಯಿತು ಎಂದು ಮುಖ ಸಿಂಡರಿಸಿದರು. ಪಿಷ್ಟದ ಡಬ್ಬಿ ಮನೆಗೆ ಬಂತು.

ಮಂದವಾದ ಟೀ ಕುಡಿಯಲು ಹಿತವಲ್ಲ. ಆದರೂ ಅದು ಟೀ, ಅದೂ ಲೋಟದಲ್ಲಿ. ಬೆಳಿಗ್ಗೆ ಕಿಟಕಿಯ ಪಕ್ಕ ಪೇಪರ್ ಹರಡಿ, ಒಂದು ಸುದ್ದಿಗೊಂದು ಗುಟುಕು ಎನ್ನುವಂತೆ ಅವರು ಕುಡಿಯುತ್ತಿದ್ದರು. ಕೆಲಸದಲ್ಲಿದ್ದಾಗ ಸ್ಟಾಪಿನಿಂದ ಸ್ಟಾಪಿಗೆ ಫ್ಲಾಸ್ಕಿನ ಮುಚ್ಚಳದಲ್ಲಿ ಕುಡಿದು ಅಭ್ಯಾಸ. ಒಂದೇ ಸಲಕ್ಕೆ ಮುಗಿಸುವುದು ಅವರ ಪ್ರಕಾರ ಟೀ ಕುಡಿಯುವುದೇ ಅಲ್ಲ, ಔಷಧಿ ಕುಡಿಯುವುದು.

ಮೊದಲೆರಡು ವಾರ ಎಲ್ಲ ಸರಿಯಿತ್ತು, ಅಥವಾ ಹಾಗೆಂದು ನಾವು ನಂಬಿದ್ದೆವು. ಆಮೇಲೆ ಕೆಮ್ಮು ನನ್ನ ಕಿವಿಗೆ ಬಿತ್ತು. ನನ್ನ ಸ್ವಭಾವವೇ ಹಾಗೆ, ಹಗ್ಗ ಕಂಡಲ್ಲೆಲ್ಲ ಹಾವು ಕಾಣುತ್ತದೆ. ಅದಕ್ಕೇ ಬೇರೆಯವರಿಗೆ ಹೇಳುವ ಮುಂಚೆ ಹಗ್ಗವನ್ನು ಚೆನ್ನಾಗಿ ನೋಡುತ್ತೇನೆ. ಅಡುಗೆಮನೆಯ ಬಾಗಿಲಿಗೆ ಒರಗಿ, ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು, ಕೆಲಸವಿದ್ದವಳಂತೆ ನಿಂತು ಗಮನಿಸಿದೆ. ಮೊದಲ ಗುಟುಕಿಗೆ ಕೆಮ್ಮಿಲ್ಲ. ಎರಡನೆಯ ಪುಟ ತಿರುಗಿಸಿದರೂ ಇಲ್ಲ. ಲೋಟ ಅರ್ಧ ಇಳಿದ ಮೇಲೆ ಗಂಟಲು ಸರಿಮಾಡಿಕೊಳ್ಳುವ ಸಣ್ಣ ಸದ್ದು. ತಳಕ್ಕೆ ಬರುವ ಹೊತ್ತಿಗೆ ಕೆಮ್ಮು. ಮಾರನೆಯ ದಿನವೂ ಅಲ್ಲೇ, ಅದರ ಮಾರನೆಯ ದಿನವೂ.

ನಾನು ಆಸ್ಪತ್ರೆಗೆ ಫೋನ್ ಮಾಡಿದೆ. ಟೀಚರ್ ತಾಳ್ಮೆಯಿಂದ ಕೇಳಿಸಿಕೊಂಡರು. ಕೊನೆಗೆ ಬರುವ ಕೆಮ್ಮು ಎಂದರೆ ಬಹುಶಃ ಸ್ನಾಯುಗಳ ಸುಸ್ತು, ಮುಂದಿನ ಗುರುವಾರ ಕರೆದುಕೊಂಡು ಬನ್ನಿ, ಹಾಗೇ ಮುಂದುವರಿದಿದ್ದರೆ ಮುಂದಿನ ಹಂತಕ್ಕೆ ಹೋಗಲೇಬೇಕು ಎಂದರು. ಮುಂದಿನ ಹಂತವೆಂದರೆ ಚಮಚದಲ್ಲಿ ನಿಲ್ಲುವಷ್ಟು ಗಟ್ಟಿ. ಟೀಯನ್ನೂ ನೀರನ್ನೂ ಚಮಚದಲ್ಲಿ ತಿನ್ನಬೇಕು. ಲೋಟ ಬಂದ್.

ಇದನ್ನು ಕೇಳಿ ಅತ್ತೆ ಸಿಟ್ಟಾಗಲಿಲ್ಲ. ನನ್ನ ಜೊತೆ ಮಾತು ಬಿಟ್ಟರು, ಅಷ್ಟೆ. ಹೇಳಬೇಕಾದದ್ದನ್ನೆಲ್ಲ ಮಗನ ಮೂಲಕ ಹೇಳಿ ಕಳಿಸಿದರು, ನಾನು ಅಲ್ಲೇ ಎದುರಿಗೆ ನಿಂತಿದ್ದರೂ.

"ನಿನ್ನ ಹೆಂಡತಿಗೆ ಹೇಳು, ಕಂಡಕ್ಟರ್ ಮೇಲೆ ಚೆಕಿಂಗ್ ಇನ್ಸ್‌ಪೆಕ್ಟರ್ ಬಿಡೋದು ಒಳ್ಳೇ ಮನೆತನದ ಲಕ್ಷಣ ಅಲ್ಲ. ಇನ್ನೂ ಒಂದು ಹೇಳು. ಟೀ ಚಮಚದಲ್ಲಿ ತಿನ್ನಬೇಕು ಅಂತಾದ್ರೆ ನಾನು ಟೀನೇ ಬಿಡ್ತೀನಿ. ನೀರೂ ಬಿಡ್ತೀನಿ."

ನನ್ನ ಗಂಡ ನೀರು ಸರಬರಾಜು ಕಚೇರಿಯಲ್ಲಿ ಕೆಲಸ ಮಾಡುತ್ತಾನೆ. ಸೋರದ ಪೈಪು ಭೂಮಿಯ ಮೇಲೆ ಇಲ್ಲ ಎಂಬುದು ಅವನ ಜೀವನದ ತತ್ವ. ಅಮ್ಮ ಹಾಗೆಲ್ಲ ಬಿಡುವವಳಲ್ಲ, ಸುಮ್ಮನೆ ಹೆದರಿಸುತ್ತಾಳೆ ಎಂದು ಅವನು ನನಗೆ ಸಮಾಧಾನ ಹೇಳಿದ. ಆದರೆ ಆ ದಿನದಿಂದ ಅತ್ತೆಯ ನೀರಿನ ಲೋಟ ಮಧ್ಯಾಹ್ನದವರೆಗೂ ಇಟ್ಟಲ್ಲೇ ಇರುತ್ತಿತ್ತು. ಅವರ ತುಟಿ ಒಣಗಿದ್ದನ್ನು ನಾನು ನೋಡಿದೆ. ನುಂಗಲು ಹೆದರಿ ಕುಡಿಯುವುದನ್ನು ಬಿಡುವವರ ಬಗ್ಗೆ ನಾನು ಬೇಕಾದಷ್ಟು ಓದಿದ್ದೇನೆ. ಇವರದು ಹೆದರಿಕೆಯಲ್ಲ, ಹಟ. ಶರೀರಕ್ಕೆ ಆ ವ್ಯತ್ಯಾಸ ತಿಳಿಯುವುದಿಲ್ಲ.

ಪ್ರಯೋಗಾಲಯದಲ್ಲಿ ನಾನು ನಮ್ಮ ಗಂಟಲನ್ನು ಸುಸ್ತು ಮಾಡಲು ಹೊರಟೆ. ಅತ್ತೆಯ ವಯಸ್ಸಿಗೆ, ಅವರ ಒಂದು ಬದಿಯ ದುರ್ಬಲತೆಗೆ ಹೊಂದುವ ಹಾಗೆ ಸ್ನಾಯುಗಳ ಬಲ ಇಳಿಸಿದೆ. ಅದೇ ಮಂದದ ಟೀ ಕುಡಿಸಿದೆ. ನೀಲಿ ಬಣ್ಣದ ಗುಟುಕು ನಾಲಿಗೆಯ ಬುಡದಿಂದ ಜಾರಿ, ಶ್ವಾಸನಾಳವನ್ನು ಕಾಯುವ ಮುಚ್ಚಳದ ಪಕ್ಕದಿಂದ ಹಾದು, ಸರಿಯಾದ ದಾರಿಯಲ್ಲೇ ಇಳಿಯಿತು. ಬಲ ಇನ್ನೂ ಇಳಿಸಿದೆ. ಆಗಲೂ ಇಳಿಯಿತು. ಅತ್ತೆ ಕೆಮ್ಮುವಲ್ಲಿ ಕೆಮ್ಮಲು ನಮ್ಮ ಗಂಟಲು ಒಪ್ಪಲೇ ಇಲ್ಲ.

ಬಲೆಗಾರ ಕುರ್ಚಿ ಹಿಂದಕ್ಕೆ ವಾಲಿಸಿ ನನ್ನ ಪರದೆ ನೋಡಿದ. "ಇನ್ನೂ ಸುಸ್ತು ಮಾಡಿದ್ರೆ ಅದು ಗಂಟಲಾಗಿರಲ್ಲ ಮೇಡಂ, ಕಾಲುಚೀಲ ಆಗಿರುತ್ತೆ."

ಅವನ ಮಾತು ನಿಜ. ಬೇಕಾದ ಉತ್ತರ ಬರುವವರೆಗೆ ಸಂಖ್ಯೆಗಳನ್ನು ತಿರುಚುತ್ತಾ ಹೋದರೆ ಉತ್ತರವೇನೋ ಬರುತ್ತದೆ, ನಿದ್ದೆ ಬರುವುದಿಲ್ಲ. ನಾನು ಕಂಪ್ಯೂಟರ್ ಆರಿಸಿ ಮನೆಗೆ ಹೋದೆ.

ಭಾನುವಾರ ಬೆಳಿಗ್ಗೆ ಟೀ ಬೆರೆಸುವಾಗ ನನಗೊಂದು ಯೋಚನೆ ಬಂತು. ನಾನು ಒಮ್ಮೆಯೂ ಇದನ್ನು ಕುಡಿದಿಲ್ಲ. ಅವರು ಏನನ್ನು ಸಹಿಸುತ್ತಿದ್ದಾರೆ ಎಂದಾದರೂ ತಿಳಿಯಬೇಡವೇ ಎಂದುಕೊಂಡು ಎರಡು ಲೋಟ ಮಾಡಿದೆ. ಒಂದೇ ಪಾತ್ರೆಯ ಟೀ, ಒಂದೇ ಡಬ್ಬಿಯ ಪುಡಿ, ಒಂದೇ ಚಮಚ. ಅತ್ತೆಯದನ್ನು ಕಿಟಕಿಯ ಬಳಿ ಇಟ್ಟು ಬಂದು ನನ್ನದನ್ನು ಎತ್ತಿದೆ. ಮೇಲೆ ಕೆನೆಯಂತೆ ನಡುಗುತ್ತಿದ್ದ ಅದನ್ನು ನೋಡಿ ಧೈರ್ಯ ಸಾಲಲಿಲ್ಲ. ತುಟಿಯವರೆಗೆ ಬಂದದ್ದನ್ನು ಹಾಗೇ ಕಟ್ಟೆಯ ಮೇಲಿಟ್ಟು ತರಕಾರಿ ಹೆಚ್ಚಲು ಕೂತೆ.

ಅಷ್ಟರಲ್ಲಿ ಅತ್ತೆಗೆ ಫೋನ್ ಬಂತು. ಡಿಪೋದ ಹಳೆಯ ಗೆಳತಿ. ಅವರಿಬ್ಬರೂ ಹಳೆಯ ಡ್ರೈವರುಗಳನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿ ವಿಚಾರಿಸಿಕೊಳ್ಳತೊಡಗಿದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಮಾತು ಮುಗಿದಾಗ ಟೀ ಆರಿತ್ತು. ಲೋಟ ತೆಗೆದುಕೊಂಡು ಹೋಗಬೇಕಂತೆ ಎಂದು ಮಗನ ಮೂಲಕ ನನಗೆ ಆಜ್ಞೆ ಬಂತು. ಅವರು ಲೋಟದಲ್ಲಿ ಅರ್ಧ ಬಿಟ್ಟದ್ದು ಅದೇ ಮೊದಲು.

ಸಿಂಕಿನಲ್ಲಿ ಬಗ್ಗಿಸಿದೆ. ಟೀ ಸರ್ರನೆ ಹರಿದು ಹೋಯಿತು.

ನಾನು ಒಂದು ಕ್ಷಣ ಲೋಟವನ್ನು ಹಾಗೇ ಹಿಡಿದು ನಿಂತೆ. ಮಂದ ಮಾಡಿದ ಟೀ ಹಾಗೆ ಹರಿಯುವುದಿಲ್ಲ. ಕಟ್ಟೆಯ ಮೇಲಿದ್ದ ನನ್ನ ಲೋಟ ಬಗ್ಗಿಸಿ ನೋಡಿದೆ. ಅದು ಅಂಚಿನವರೆಗೆ ಬಂದು, ಯೋಚಿಸಿ, ದಪ್ಪಗೆ ತೊಟ್ಟಿಕ್ಕಿತು. ಬೆಳಿಗ್ಗೆ ಒಟ್ಟಿಗೇ ಹುಟ್ಟಿದ ಎರಡು ಲೋಟಗಳಲ್ಲಿ ಒಂದು ಹಾಗೇ ಉಳಿದು ಒಂದು ನೀರಾಗಿತ್ತು. ಎರಡರ ನಡುವೆ ವ್ಯತ್ಯಾಸ ಒಂದೇ. ಒಂದಕ್ಕೆ ಬಾಯಿ ತಾಗಿತ್ತು, ಇನ್ನೊಂದಕ್ಕೆ ತಾಗಿರಲಿಲ್ಲ.

ಎಂಜಲು.

ಲಾಲಾರಸ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡದವರು ಯಾರಿದ್ದಾರೆ? ನಾನೂ ಮಾಡಿದ್ದೆ, ಅದಕ್ಕೆ ಪೂರ್ತಿ ಅಂಕವೂ ಬಂದಿತ್ತು. ಪ್ರತಿ ಗುಟುಕಿಗೂ ಲೋಟ ತುಟಿಗೆ ಹೋಗಿ ಬರುತ್ತದೆ. ಬರುವಾಗ ಒಂದಿಷ್ಟು ಎಂಜಲನ್ನು ಒಳಗೆ ತರುತ್ತದೆ. ಬೇಗ ಕುಡಿದು ಮುಗಿಸಿದರೆ ಅದಕ್ಕೆ ಕೆಲಸ ಮಾಡಲು ಪುರುಸೊತ್ತಿರುವುದಿಲ್ಲ. ಪೇಪರ್ ಓದುತ್ತಾ ಕುಡಿದರೆ ಬೇಕಾದಷ್ಟಿರುತ್ತದೆ. ಮೇಲಿನ ಗುಟುಕು ಮಂಡಿ ನೋವಿನ ಮುದುಕಪ್ಪ, ತಳದ ಗುಟುಕು ಕಾಲೇಜು ಹುಡುಗ.

ಮತ್ತು ನಮ್ಮ ಗಂಟಲು? ನಾವು ಅದಕ್ಕೆ ಕುಡಿಸಿದ್ದು ಯಾವಾಗಲೂ ಒಂದೇ ಗುಟುಕು. ಒಂದು ಗುಟುಕು ಇಳಿದರೆ ಲೆಕ್ಕ ಮುಗಿಯಿತು. ಮತ್ತೆ ಶುರುಮಾಡಿದರೆ ಮತ್ತೆ ಹೊಸ ಲೋಟದ ಮೊದಲ ಗುಟುಕೇ. ನಮ್ಮ ಹಾಗೆ ಈ ಕೆಲಸ ಮಾಡುವವರು ನನಗೆ ಗೊತ್ತಿರುವ ಮಟ್ಟಿಗೆ ಹೀಗೇ ಮಾಡುತ್ತಾರೆ, ಏಕೆಂದರೆ ಒಂದು ಗುಟುಕನ್ನು ಲೆಕ್ಕ ಹಾಕುವುದರಲ್ಲೇ ಕಂಪ್ಯೂಟರು ಹೈರಾಣಾಗುತ್ತದೆ. ನಮ್ಮ ಗಂಟಲು ಇಷ್ಟು ವರ್ಷಗಳಲ್ಲಿ ಒಂದು ಲೋಟ ಟೀ ಪೂರ್ತಿ ಕುಡಿದೇ ಇರಲಿಲ್ಲ.

ನನಗೆ ಸಂತೋಷವಾಗಬೇಕಿತ್ತು. ಮೊದಲು ಆದದ್ದು ಗಾಬರಿ. ಇದು ಬರೀ ಕಾಕತಾಳೀಯವಾಗಿದ್ದರೆ? ನನ್ನ ಲೋಟದಿಂದ ಒಂದು ಚಮಚ ಬಾಯಿಗೆ ಹಾಕಿಕೊಂಡು, ಅದೇ ಚಮಚವನ್ನು ಚೀಪಿ ಲೋಟದೊಳಗೆ ತಿರುಗಿಸಿ, ಪಾತ್ರೆ ತೊಳೆಯುತ್ತಾ ಕಾದೆ. ಪಾತ್ರೆ ಮುಗಿಯುವಷ್ಟರಲ್ಲಿ ಅದೂ ಸಡಿಲಾಗಿತ್ತು. ಗಂಡ ನೀರು ಕುಡಿಯಲು ಬಂದವನು, ನಾನು ಚಮಚ ಚೀಪಿ ಚೀಪಿ ಲೋಟಕ್ಕೆ ಅದ್ದುವುದನ್ನು ನೋಡಿ, ಏನೂ ಕೇಳದೆ ವಾಪಸು ಹೋದ. ಹದಿನೆಂಟು ವರ್ಷದ ಸಂಸಾರದಲ್ಲಿ ಯಾವುದನ್ನು ಕೇಳಬಾರದು ಎಂದು ಅವನು ಕಲಿತಿದ್ದಾನೆ.

ಸೋಮವಾರ ಔಷಧಿ ಅಂಗಡಿಯಿಂದ ಅಂಟಿನ ಪುಡಿಯನ್ನೂ ತಂದು, ಎರಡೂ ಬಗೆಯ ಪುಡಿಗಳಲ್ಲಿ ಟೀ ಮಾಡಿ ಪ್ರಯೋಗಾಲಯಕ್ಕೆ ಒಯ್ದೆ. ದ್ರವದ ಮಂದ ಅಳೆಯಲು ನಮ್ಮಲ್ಲೊಂದು ಯಂತ್ರವಿದೆ. ಎರಡು ಪುಟ್ಟ ತಟ್ಟೆಗಳ ನಡುವೆ ದ್ರವವನ್ನಿಟ್ಟು ಮೇಲಿನ ತಟ್ಟೆ ತಿರುಗಿಸಿ, ಅದು ಎಷ್ಟು ಅಡ್ಡಿ ಮಾಡುತ್ತದೆ ಎಂದು ನೋಡುತ್ತದೆ. ಬೆರೆಸುವುದಕ್ಕೆ ನಾನು ಬೇರೊಂದು ಶೀಶೆಯನ್ನೂ ತಂದಿದ್ದೆ. ಅದರಲ್ಲೇನಿದೆ ಎಂದು ಬಲೆಗಾರ ಕೇಳಿದ.

"ನನ್ನ ಎಂಜಲು."

ಅವನು ಕುರ್ಚಿಯನ್ನು ಎರಡಡಿ ಹಿಂದಕ್ಕೆ ಎಳೆದುಕೊಂಡ. ಆಮೇಲೆ ಪಿಷ್ಟದ ಗೆರೆ ಪರದೆಯ ಮೇಲೆ ಜಾರುಬಂಡಿಯಂತೆ ಇಳಿಯುವುದನ್ನು ನೋಡಿ ಕುರ್ಚಿ ಮುಂದಕ್ಕೆ ತಂದ. ಅಂಟಿನ ಪುಡಿಯ ಗೆರೆ ಅಲುಗಲಿಲ್ಲ. ಎಂಜಲು ಅದನ್ನು ತನ್ನ ಆಹಾರವೆಂದು ಗುರುತಿಸುವುದೇ ಇಲ್ಲ. ಗುಟುಕಿನಿಂದ ಗುಟುಕಿಗೆ ಮಂದ ಇಳಿಯುವ ಹಾಗೆ ಲೆಕ್ಕ ಕಟ್ಟೋಣ, ಕಣ್ಣು ದೊಡ್ಡದಾಗಿ ಹೆಣೆದು ಬಲೆಯನ್ನು ಸ್ವಲ್ಪ ಒರಟು ಮಾಡಿಕೊಡುತ್ತೇನೆ, ಆಗ ಬೇಗ ಓಡುತ್ತದೆ ಎಂದು ಬಲೆಗಾರನೇ ಹೇಳಿದ. ಬಲೆ ಒರಟು ಮಾಡುವುದು ಅವನ ಪಾಲಿಗೆ ಮೀಸೆ ಬೋಳಿಸಿಕೊಂಡಂತೆ.

ಆ ಮಧ್ಯಾಹ್ನವೇ ಟೀಚರಿಗೆ ಫೋನ್ ಮಾಡಿದೆ. ನಾನು ಕಂಡದ್ದನ್ನು ಕಂಡಷ್ಟೇ ಹೇಳಿದೆ, ಊಹೆಯನ್ನು ಊಹೆ ಎಂದೇ ಹೇಳಿದೆ. ಎಂಜಲಿನ ವಿಷಯ ಅವರಿಗೆ ಹೊಸದಾಗಿರಲಿಲ್ಲ; ಪಾಠದಲ್ಲೇ ಇದೆಯಂತೆ. ಆದರೆ ತಾವು ನೋಡುವುದು ಎದುರಿಗೆ ಕೂರಿಸಿಕೊಂಡು ಕುಡಿಸುವ ನಾಲ್ಕೈದು ಗುಟುಕುಗಳನ್ನು ಮಾತ್ರ ಎಂದು ಅವರು ಒಪ್ಪಿಕೊಂಡರು.

"ಒಂದು ಲೋಟ ಮುಗಿಸೋಕೆ ಎಷ್ಟು ಹೊತ್ತು ತೊಗೋತಾರೆ?"

"ಪೇಪರ್ ಮುಗಿಯೋವರೆಗೂ."

"ಪೂರ್ತಿ ಪೇಪರಾ?"

"ಬಾಡಿಗೆ ಮನೆ ಜಾಹೀರಾತು ಸಮೇತ."

ಆ ಕಡೆ ನಗು ಕೇಳಿಸಿತು. ಅಂಟಿನ ಪುಡಿಗೆ ಬದಲಾಯಿಸಿ, ಎಷ್ಟು ಹಾಕಬೇಕೆಂದು ಬರೆದು ಕಳಿಸುತ್ತೇನೆ, ಗುರುವಾರ ಅವರ ಲೋಟ, ಅವರ ಟೀ, ಅವರ ಪೇಪರ್ ಎಲ್ಲವನ್ನೂ ತನ್ನಿ ಎಂದರು. ಆಮೇಲೆ ಎಚ್ಚರಿಕೆಯ ಮಾತು: ಅಲ್ಲೂ ತಳದಲ್ಲಿ ಕೆಮ್ಮು ಬಂದರೆ ಚಮಚವೇ, ಬೇರೆ ದಾರಿಯಿಲ್ಲ.

ಇನ್ನು ಅತ್ತೆಯನ್ನು ಒಪ್ಪಿಸಬೇಕು. ಬಸವನಹುಳುವಿನ ಪುಡಿ. ಸಂಜೆ ನಾನು ಅವರ ಎದುರು ಬೆತ್ತದ ಸ್ಟೂಲು ಎಳೆದುಕೊಂಡು ಕೂತೆ. ಮಗನ ಮೂಲಕ ಹೇಳುವಷ್ಟು ಸಣ್ಣ ವಿಷಯವಲ್ಲ ಇದು, ನೀವು ಮಾತಾಡದಿದ್ದರೂ ಕೇಳಿಸಿಕೊಳ್ಳಿ ಎಂದೆ. ಎಂಜಲು ಬೆರೆತದ್ದೊಂದು, ಬೆರೆಯದ್ದೊಂದು, ಪಿಷ್ಟದ ಟೀಯ ಎರಡು ಲೋಟಗಳನ್ನು ತಂದು ಬಗ್ಗಿಸಿ ತೋರಿಸಿದೆ. ಅವರು ಗಲ್ಲಕ್ಕೆ ಕೈಯಿಟ್ಟು, ಹರಿದು ಬಂದ ಟೀಯನ್ನೂ ತೊಟ್ಟಿಕ್ಕಿದ ಟೀಯನ್ನೂ ನೋಡಿದರು. ಟಿಕೆಟ್ಟಿಲ್ಲದವನನ್ನು ಗುಂಪಿನಲ್ಲಿ ಹುಡುಕುವ ನೋಟ ಅದು.

"ಅಂದ್ರೆ ನನ್ನ ಎಂಜಲೇ ನನಗೆ ಶತ್ರುನಾ?"

"ಶತ್ರು ಅಲ್ಲ ಅತ್ತೆ. ಅದರ ಕೆಲಸ ಅದು ಚೆನ್ನಾಗೇ ಮಾಡ್ತಿದೆ. ಬೇಡದ ಜಾಗದಲ್ಲಿ, ಅಷ್ಟೆ."

"ನಿನ್ನ ಹಾಗೆ."

ಅವರ ತುಟಿಯಂಚು ಸ್ವಲ್ಪ ಅಲುಗಿತು. ಐದು ದಿನ ಬಿಟ್ಟಿದ್ದ ಮಾತು ಹೀಗೆ ಬೈಗುಳದ ರೂಪದಲ್ಲಿ ವಾಪಸು ಬಂದದ್ದು ನನಗೆ ಹಿತವಾಗೇ ಇತ್ತು. ಲೋಟ ಉಳಿಯುವುದಾದರೆ ಹುಳುವೂ ನಡೆಯಲಿ, ಆದರೆ ಏಲಕ್ಕಿ ಜಾಸ್ತಿ ಹಾಕು ಎಂದು ಅವರು ಷರತ್ತು ಹಾಕಿದರು. ಒಪ್ಪಿದೆ.

ಬುಧವಾರ ಮಧ್ಯಾಹ್ನ ಹೊಸ ಲೆಕ್ಕ ಓಡಿತು. ಮೊದಲ ಗುಟುಕು ಸಲೀಸಾಗಿ ಇಳಿಯಿತು, ಮುಂದಿನದೂ. ಲೋಟದ ಅರ್ಧ ದಾಟಿದ ಮೇಲೆ ನೀಲಿ ದ್ರವದ ತುದಿ ತೆಳ್ಳಗಾಗಿ, ಮುಚ್ಚಳ ಮುಚ್ಚುವುದಕ್ಕೆ ಮುಂಚೆಯೇ ಅಂಚಿಗೆ ಬಂದು ನಿಂತಿತು. ತಳದ ಹತ್ತಿರದ ಒಂದು ಗುಟುಕಿನಲ್ಲಿ ಅದರ ಒಂದು ಎಳೆ ಶ್ವಾಸನಾಳಕ್ಕೆ ಜಾರಿತು. ಬಲೆಗಾರ ಮೇಜು ಕುಟ್ಟಿದ. ಪಕ್ಕದ ಕೋಣೆಯವರು ಓಡಿ ಬಂದು ಏನಾಯಿತೆಂದು ಕೇಳಿದರೆ, ನಮ್ಮ ಗಂಟಲು ಕೆಮ್ಮಿತು ಎಂದು ಮಗು ಹುಟ್ಟಿದ ಸುದ್ದಿಯಂತೆ ಹೇಳಿದ. ಅಂಟಿನ ಪುಡಿಯಲ್ಲಿ ಅದೇ ಲೋಟ ತಳದವರೆಗೆ ನಿರಾಳವಾಗಿ ಇಳಿಯಿತು.

ನನಗೆ ಅವರಷ್ಟು ಕುಣಿಯಲು ಆಗಲಿಲ್ಲ. ಪರದೆಯ ಗಂಟಲು ನಾವು ಹೇಳಿದಂತೆ ಕೇಳುತ್ತದೆ. ಅತ್ತೆಯ ಗಂಟಲಿಗೆ ಯಾರ ಮಾತನ್ನೂ ಕೇಳಿ ಅಭ್ಯಾಸವಿಲ್ಲ.

ಗುರುವಾರ ಟೀಚರ್ ತಮ್ಮ ಕೋಣೆಯ ಕಿಟಕಿಯ ಪಕ್ಕ ಕುರ್ಚಿ ಹಾಕಿಸಿದ್ದರು. ಅತ್ತೆ ಇಸ್ತ್ರಿ ಮಾಡಿದ ಸೀರೆಯುಟ್ಟು, ಚೀಲದಿಂದ ಲೋಟ ತೆಗೆದು, ಫ್ಲಾಸ್ಕಿನಿಂದ ಅಂಟಿನ ಪುಡಿಯ ಟೀ ಬಗ್ಗಿಸಿಕೊಂಡು, ಪೇಪರ್ ಬಿಡಿಸಿದರು. ಟೀಚರ್ ಮೊದಲ ಗುಟುಕುಗಳಿಗೆ ಗಂಟಲ ಪಕ್ಕ ಸ್ಟೆತಾಸ್ಕೋಪ್ ಇಟ್ಟು ಆಲಿಸಿದರು. ಆಮೇಲೆ ಒಂದು ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂತು ಕಾದರು. ಅವಸರ ಮಾಡಲಿಲ್ಲ. ಅತ್ತೆ ಓದಿದ್ದನ್ನು ನಡುನಡುವೆ ಅವರಿಗೂ ಓದಿ ಹೇಳಿದರು. ಮುಖ್ಯ ರಸ್ತೆಯಲ್ಲಿ ಹೊಸ ಬಸ್ಸುಗಳು ಬಿಟ್ಟಿದ್ದಾರಂತೆ, ಕಂಡಕ್ಟರೇ ಇಲ್ಲವಂತೆ. ಇನ್ನು ಚಿಲ್ಲರೆಗೆ ಯಾರ ಜೊತೆ ಜಗಳ ಆಡುತ್ತಾರೆ ನೋಡೋಣ ಎಂದರು.

ಲೋಟ ಅರ್ಧವಾಯಿತು. ಅತ್ತೆ ಕ್ರೀಡಾ ಪುಟ ತಿರುಗಿಸಿದರು, ಒಂದು ಗುಟುಕು. ಅವರು ಗಂಟಲು ಸರಿಮಾಡಿಕೊಳ್ಳುತ್ತಿದ್ದ ಜಾಗ ಬಂತು, ಹೋಯಿತು. ಟೀಚರ್ ಮತ್ತೆ ಸ್ಟೆತಾಸ್ಕೋಪ್ ಕಿವಿಗೇರಿಸಿದರು. ಅತ್ತೆ ಕೊನೆಯ ಪುಟದ ಜಾಹೀರಾತುಗಳ ಮೇಲೆ ಬೆರಳಾಡಿಸುತ್ತಾ ಲೋಟ ಎತ್ತಿ, ತಲೆ ಹಿಂದಕ್ಕೆ ವಾಲಿಸದೆ, ಟೀಚರ್ ಕಲಿಸಿದ ಹಾಗೆ ಗದ್ದವನ್ನು ತಗ್ಗಿಸಿ ನುಂಗಿದರು. ಗಂಟಲ ಗಂಟು ಮೇಲೇರಿ ಇಳಿಯಿತು. ಕೆಮ್ಮು ಬರಲಿಲ್ಲ. ಟೀಚರ್ ಇನ್ನೂ ಸ್ವಲ್ಪ ಹೊತ್ತು ಆಲಿಸಿದರು, ಮಾತಾಡಿಸಿ ದನಿ ಗಂಟಲಲ್ಲಿ ನೀರು ನಿಂತಂತೆ ಒದ್ದೆಯಾಗಿದೆಯೇ ಎಂದು ನೋಡಿದರು. ದನಿ ಒಣಗಿಯೇ ಇತ್ತು, ಎಂದಿನಂತೆ.

"ಲೋಟ ಇರಲಿ ಅಮ್ಮ," ಎಂದರು ಟೀಚರ್. "ಇದೇ ಪುಡಿ, ಇದೇ ಅಳತೆ. ಮೂರು ತಿಂಗಳ ಮೇಲೆ ಸ್ವಲ್ಪ ತೆಳು ಮಾಡಬಹುದಾ ನೋಡೋಣ."

ಅತ್ತೆ ಪೇಪರನ್ನು ಮಡಿಕೆಯ ಗುರುತಿನಲ್ಲೇ ಮಡಚಿದರು. ಖುಷಿಯನ್ನು ತೋರಿಸಿಕೊಳ್ಳುವುದು ಅವರ ಜಾಯಮಾನವಲ್ಲ. ಏಲಕ್ಕಿ ಇನ್ನೂ ಸಾಲದು ಎಂದಷ್ಟೇ ನನಗೆ ಹೇಳಿದರು.

ಗಂಡ ಕಚೇರಿಯಿಂದ ಅನುಮತಿ ಪಡೆದು ಬಂದು ಕೆಳಗೆ ಮೆಟ್ಟಿಲ ಬಳಿ ಕಾಯುತ್ತಿದ್ದ. ನಮ್ಮನ್ನು ಕಂಡೊಡನೆ ಎದ್ದು ನಿಂತು, ಏನಾಯಿತು ಎಂದ. ಅತ್ತೆ ಚೀಲದಲ್ಲಿ ಕೈಯಾಡಿಸಿ ಲೋಟ ತೆಗೆದು, ಅವನ ಹೊಳೆಯುವ ಬೂಟುಗಳ ಮೇಲೆ ಬೋರಲು ಹಿಡಿದರು. ಅವನು ಗಾಬರಿಯಿಂದ ಕಾಲು ಹಿಂದಕ್ಕೆ ಎಳೆದುಕೊಂಡ. ಒಂದು ಹನಿಯೂ ಬೀಳಲಿಲ್ಲ.